ಹೋದ ಪುಟ್ಟ, ಬಾರದ ಪುಟ್ಟ

ಊರಿನಲ್ಲಿ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ "ಕಂಪ್ಯೂಟರಿನದ್ದು" ಎಂದು ಹೇಳಿ ಮುಂದೆ ಹೋಗುವುದು ನನಗೆ ರೂಢಿಯಾಗಿದೆ. ಅದರ ಫಲವಾಗಿ ಒಬ್ಬರು ಪ್ರಿಂಟರ್ ಕೆಟ್ಟಿದೆ ಎಂದು ಕರೆಯುತ್ತಾರೆ, ಇನ್ನೊಬ್ಬರು ಆಧಾರಿನಲ್ಲಿ ಹೆಸರು ತಪ್ಪಾಗಿದೆ ಎಂದು ಕಾಗದ ಹಿಡಿದುಕೊಂಡು ಬರುತ್ತಾರೆ. ನಾನು ನಿಜವಾಗಿ ಮಾಡುವುದು ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ. ಬೆಂಗಳೂರು ಬಿಟ್ಟು ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಬಂದು ಕೂತ ಮೇಲೆ ನಾಲ್ಕೈದು ಸಣ್ಣ ಸಂಸ್ಥೆಗಳ ಸರ್ವರುಗಳು ನನ್ನ ಕೈಯಲ್ಲಿವೆ. ಅವುಗಳಲ್ಲಿ ಪೇಟೆಯ ಒಂದು ಚಿಕಿತ್ಸಾಲಯದ್ದೂ ಒಂದು. ವಾಚನಾಲಯದ ಈ ಪುಸ್ತಕಕ್ಕೆ ಬರೆಯುವಾಗ ಆ ಚಿಕಿತ್ಸಾಲಯದ ಟೋಕನ್ ವಿಷಯವನ್ನೇ ಬರೆಯೋಣ ಎನಿಸಿತು. ಏಕೆಂದರೆ ಇದನ್ನು ಓದುವವರಲ್ಲಿ ಕೆಲವರಾದರೂ ಆ ಟೋಕನ್ ತೆಗೆದುಕೊಂಡವರೇ ಇರಬಹುದು.

ನೀವು ಫೋನಿನಲ್ಲಿ ಒಂದು ಬಟನ್ ಒತ್ತಿದಾಗ ಎಲ್ಲಿಯೋ ಇರುವ ಒಂದು ಯಂತ್ರಕ್ಕೆ ಬೇಡಿಕೆ ಹೋಗುತ್ತದೆ. ಅಲ್ಲಿ ಬಾಗಿಲಲ್ಲೇ ನಿಂತು ಬೇಡಿಕೆಯನ್ನು ತೆಗೆದುಕೊಳ್ಳುವ ಒಂದು ತಂತ್ರಾಂಶ ಬೇಕು. ನಾನು ಬಳಸುವುದು ಎಂಜಿನ್ ಎಕ್ಸ್ ಎಂಬುದನ್ನು. ಈಗೋರ್ ಸಿಸೋಯೆವ್ ಎಂಬ ರಷ್ಯದವರು 2002ರಲ್ಲಿ ಬರೆಯಲು ಸುರುಮಾಡಿ 2004ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಆ ಕಾಲದಲ್ಲಿ ಸರ್ವರಿನವರಿಗೆ ಇದ್ದ ದೊಡ್ಡ ತಲೆನೋವೆಂದರೆ ಒಂದೇ ಯಂತ್ರ ಒಮ್ಮೆಲೇ ಹತ್ತು ಸಾವಿರ ಮಂದಿಯನ್ನು ಸಂಭಾಳಿಸುವುದು ಹೇಗೆ ಎಂಬುದು. ಸಿಸೋಯೆವ್ ಮಾಡಿದ ಉಪಾಯವನ್ನು ನಮ್ಮ ಕಡೆಯ ಊಟದ ಪಂಕ್ತಿ ನೋಡಿದವರಿಗೆ ವಿವರಿಸುವುದು ಕಷ್ಟವಿಲ್ಲ. ಸಾರು ಬಡಿಸುವವ ಒಂದು ಎಲೆಯ ಮುಂದೆ ನಿಂತು ಇವರು ಉಂಡು ಮುಗಿಸಲಿ ಎಂದು ಕಾಯುವುದಿಲ್ಲ. ಬಡಿಸುತ್ತಾ ಹೋಗುತ್ತಾನೆ, ಯಾರು ಕೈ ತೋರಿಸಿದರೋ ಅಲ್ಲಿಗೆ ತಿರುಗಿ ಬರುತ್ತಾನೆ. ಹೀಗೆ ಒಬ್ಬನೇ ಇನ್ನೂರು ಎಲೆ ನೋಡಿಕೊಳ್ಳುತ್ತಾನೆ. ಎಂಜಿನ್ ಎಕ್ಸ್ ಮಾಡುವುದೂ ಅದೇ.

ಇನ್ನು ಒಂದು ಬೇಡಿಕೆಯ ಹೊಟ್ಟೆಯಿಂದ ಬೇರೆ ಬೇಡಿಕೆಗಳು ಹುಟ್ಟುವುದುಂಟು. ನೀವು ಕೇಳಿದ್ದು ಒಂದು ಪುಟ. ಅದನ್ನು ಕೊಡಲು ಸರ್ವರ್ ತಾನೇ ಒಳಗೆ ಇನ್ನೂ ಎರಡು ಮೂರು ಕಡೆ ಕೇಳಬೇಕಾಗುತ್ತದೆ. ಮೊದಲಿನದ್ದನ್ನು ತಾಯಿಬೇಡಿಕೆ ಎಂದೂ ಅದು ಹುಟ್ಟಿಸಿದ್ದನ್ನು ಮರಿಬೇಡಿಕೆ ಎಂದೂ ಕರೆಯುತ್ತೇನೆ. ಮರಿಗಳು ಎಲ್ಲವೂ ಒಂದೇ ಜಾತಿಯವಲ್ಲ. ಮನೆಯಲ್ಲಿ ಪೂಜೆ ಇದ್ದ ದಿನ ಯಜಮಾನ ಹುಡುಗರನ್ನು ಓಡಿಸುವುದನ್ನು ನೆನಪು ಮಾಡಿಕೊಳ್ಳಿ. "ಮಂಗಳಾರತಿ ಆಯಿತಾ ನೋಡಿ ಬಾ" ಎಂದು ಒಬ್ಬನನ್ನು ಕಳುಹಿಸಿದರೆ ಅವನು ಬಂದು ಆಯಿತು ಎನ್ನುವವರೆಗೆ ಎಲೆ ಹಾಕುವ ಹಾಗಿಲ್ಲ. ಎಂಜಿನ್ ಎಕ್ಸಿನಲ್ಲಿ ಇದರ ಹೆಸರು ಆತ್ ರಿಕ್ವೆಸ್ಟ್. ಒಳಗೆ ಬಿಡಬಹುದಾ ಎಂದು ಕೇಳಲು ಹೋದ ಮರಿ 401 ಅಥವಾ 403 ಎಂಬ ಉತ್ತರ ತಂದರೆ ಬಾಗಿಲು ಮುಚ್ಚುತ್ತದೆ. "ಪಕ್ಕದ ಮನೆಯಿಂದ ಮಜ್ಜಿಗೆ ತಾ" ಎಂದು ಇನ್ನೊಬ್ಬನನ್ನು ಕಳುಹಿಸಿದರೆ ಅವನಿಗೂ ಕಾಯಬೇಕು. ಅವನು ತಂದದ್ದೇ ಎಲೆಗೆ ಬೀಳಬೇಕಾದದ್ದು. "ಉಂಡ ಎಲೆಗಳನ್ನು ಹಟ್ಟಿಯ ದನಗಳಿಗೆ ಹಾಕು" ಎಂದು ಮೂರನೆಯವನನ್ನು ಕಳುಹಿಸಿದರೆ ಅವನಿಗಾಗಿ ಯಾರೂ ಕಾಯುವುದಿಲ್ಲ. ಅವನು ಬಂದು ವರದಿ ಒಪ್ಪಿಸಬೇಕಾಗಿಯೂ ಇಲ್ಲ. ಎರಡನೇ ಪಂಕ್ತಿ ಕೂರುವುದು ಅವನಿಂದಾಗಿ ತಡವಾಗಬಾರದು, ಅಷ್ಟೆ.

ಈ ಮೂರನೆಯ ಜಾತಿ, ಎಂದರೆ ತಾಯಿ ಕಾಯದೆ ಬಿಟ್ಟುಬಿಡುವ ಮರಿಬೇಡಿಕೆ, ಎಂಜಿನ್ ಎಕ್ಸಿಗೆ ಬಂದದ್ದು ಸಾಕಷ್ಟು ತಡವಾಗಿ. 2017ರಲ್ಲಿ ಎರಡು ಸೌಲಭ್ಯಗಳು ಬಂದವು. ಒಂದು, ಕೂಡಿಟ್ಟ ಪುಟ ಹಳತಾಗಿದ್ದರೆ ಬಂದವರಿಗೆ ಸದ್ಯಕ್ಕೆ ಹಳತನ್ನೇ ಕೊಟ್ಟು ಹಿಂದಿನಿಂದ ಹೊಸತನ್ನು ತರಿಸುವುದು. ಇನ್ನೊಂದು ಮಿರರ್, ಬಂದ ಬೇಡಿಕೆಯ ಒಂದು ನಕಲನ್ನು ಬೇರೆ ಯಂತ್ರಕ್ಕೆ ಕಳುಹಿಸಿ ಅದರ ಉತ್ತರವನ್ನು ಓದದೆ ಎಸೆಯುವುದು. ಆಮೇಲೆ ಸರ್ವರಿನ ಒಳಗೆ ಸಣ್ಣ ಜಾವಾಸ್ಕ್ರಿಪ್ಟ್ ಬರೆದು ಬೇಕಾದಲ್ಲಿ ಮರಿಬೇಡಿಕೆ ಹುಟ್ಟಿಸುವಾಗ 'ಡಿಟ್ಯಾಚ್ಡ್' ಎಂಬ ಒಂದು ಪದ ಸೇರಿಸಿದರೆ ಅದೂ ಹೀಗೆಯೇ ಬಿಟ್ಟ ಮರಿಯಾಗುತ್ತದೆ. ಆ ಪದ ಹಾಕಿದಲ್ಲಿ "ಉತ್ತರ ಬಂದಾಗ ಇದನ್ನು ಮಾಡು" ಎಂದು ಹೇಳಲು ಅವಕಾಶವೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಚಿಕಿತ್ಸಾಲಯಕ್ಕೆ ವಾರದಲ್ಲಿ ಎರಡು ದಿನ ಮಂಗಳೂರಿನಿಂದ ನರರೋಗದ ಡಾಕ್ಟರು ಬರುತ್ತಾರೆ. ದಿನಕ್ಕೆ ನಲವತ್ತು ಟೋಕನ್. ಮೊದಲಾದರೆ ಬೆಳಗ್ಗೆ ಐದು ಗಂಟೆಗೇ ಬಂದು ಗೇಟಿನ ಹತ್ತಿರ ಚಪ್ಪಲಿ ಸಾಲಾಗಿಟ್ಟು ಕಾಯುತ್ತಿದ್ದರು. ಆದೂರು, ಮುಳ್ಳೇರಿಯ, ಪೆರ್ಲದಿಂದ ಎರಡು ಬಸ್ಸು ಹಿಡಿದು ಬಂದವರಿಗೆ ಸಾಲಿನಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಫೋನಿನಲ್ಲಿ ಟೋಕನ್ ಬಂದ ಮೇಲೆ ಆ ಕಷ್ಟ ತಪ್ಪಿತು. ಬಟನ್ ಒತ್ತಿದರೆ ಪರದೆಯಲ್ಲಿ ನಂಬರು, ಫೋನಿಗೆ ಒಂದು ಎಸ್ಸೆಮ್ಮೆಸ್.

ಒಂದು ವರ್ಷದ ಮೇಲೆ ಹೊಸ ತಂತ್ರಾಂಶ ತರುವ ಯೋಚನೆ ಆಯಿತು. ಹಳತನ್ನು ತೆಗೆಯುವ ಮೊದಲು ಹೊಸತು ಸರಿ ನಡೆಯುತ್ತದೋ ಎಂದು ನೋಡಲು ಮಿರರ್ ಹಾಕಿದೆ. ಹಳೆಯ ಯಂತ್ರಕ್ಕೆ ಬಂದ ಪ್ರತಿ ಬೇಡಿಕೆಯ ನಕಲು ಹೊಸ ಯಂತ್ರಕ್ಕೂ ಹೋಗಬೇಕು, ಅದು ತನ್ನಷ್ಟಕ್ಕೆ ಅಭ್ಯಾಸ ಮಾಡಬೇಕು, ರೋಗಿಗಳಿಗೆ ಏನೂ ಗೊತ್ತಾಗಬಾರದು. "ಹೊಸ ಯಂತ್ರದ ಎಸ್ಸೆಮ್ಮೆಸ್ ಬಂದ್ ಮಾಡಿಡಿ" ಎಂದು ತಂತ್ರಾಂಶ ಮಾರಿದವರಿಗೆ ಎರಡು ಸಲ ಬರೆದು ಹೇಳಿದ್ದೆ. ಅವರು ಮಾಡಲಿಲ್ಲ. ಮಿರರ್ ಉತ್ತರವನ್ನು ಎಸೆಯುತ್ತದೆ ನಿಜ, ಆದರೆ ಆ ಕಡೆಯ ಯಂತ್ರ ಮಾಡಿದ ಕೆಲಸವನ್ನು ಎಸೆಯಲು ಅದರಿಂದಾಗುವುದಿಲ್ಲ. ಮರುದಿನ ಪೆರ್ಲದ ಒಬ್ಬರು ಅಜ್ಜಿಯ ಫೋನಿಗೆ ಎರಡು ಸಂದೇಶ ಬಂತು, ಒಂದರಲ್ಲಿ 17, ಇನ್ನೊಂದರಲ್ಲಿ 4. ನಾಲ್ಕನೆಯ ನಂಬರಿನ ಲೆಕ್ಕದಲ್ಲಿ ಬೆಳಗ್ಗಿನ ಮೊದಲ ಬಸ್ಸಿಗೇ ಹೊರಟು ಬಂದು ಮಧ್ಯಾಹ್ನದವರೆಗೆ ಕೂತರು ಪಾಪ. ಅದನ್ನು ಅಂದೇ ಸರಿಮಾಡಿಸಿದ್ದಾಯಿತು.

ಮಿರರಿನಲ್ಲಿ ಇನ್ನೊಂದು ವಿಚಿತ್ರವೂ ಕಣ್ಣಿಗೆ ಬಿತ್ತು. ಹೊಸ ಯಂತ್ರ ನಿಧಾನವಾದ ದಿನ ಹಳೆಯ ಯಂತ್ರದ ಪುಟಗಳೂ ಕೆಲವರಿಗೆ ತಡವಾಗಿ ಬರುತ್ತಿದ್ದವು. ಮರಿಯನ್ನು ಬಿಟ್ಟಾಗಿದೆ, ಅದರ ಉತ್ತರ ಬೇಡ ಎಂದಾಗಿದೆ, ಮತ್ತೆ ತಡ ಎಂತಕ್ಕೆ? ವಿಷಯ ಹೀಗೆ: ತಾಯಿಬೇಡಿಕೆ ತನ್ನ ಉತ್ತರವನ್ನು ಪೂರ್ತಿ ಕೊಟ್ಟು ಮುಗಿಸಿದ ಮೇಲೂ ಸರ್ವರಿನ ಲೆಕ್ಕದಲ್ಲಿ ಅದು ತೀರಿಹೋಗುವುದಿಲ್ಲ. ಮರಿ ಬಳಸುವ ನೆನಪಿನ ಜಾಗ ತಾಯಿಯದ್ದೇ. ಮರಿ ಎಲ್ಲಿಯೋ ಕಾಯುತ್ತಾ ಇರುವಷ್ಟು ಹೊತ್ತು ತಾಯಿಯೂ ಜೀವ ಹಿಡಿದುಕೊಂಡಿರುತ್ತದೆ. ಹಳೆಯ ಕ್ರಮದಲ್ಲಿ ಒಂದರ ಹಿಂದೆ ಒಂದು ಬೇಡಿಕೆ ಹೋಗುವ ಸಂಪರ್ಕವಾದರೆ ಅದೇ ದಾರಿಯಲ್ಲಿ ಬಂದ ಮುಂದಿನ ಬೇಡಿಕೆ ಇದು ಮುಗಿಯುವವರೆಗೆ ನಿಲ್ಲಬೇಕು. ಏನೂ ಹೇಳದೆ ಬಿಟ್ಟರೆ ಎಂಜಿನ್ ಎಕ್ಸ್ ಆಚೆಯ ಯಂತ್ರದ ಉತ್ತರಕ್ಕಾಗಿ 60 ಸೆಕೆಂಡು ಕಾಯುತ್ತದೆ. ಮಿರರಿನ ಮಟ್ಟಿಗೆ ನಾನು ಅದನ್ನು 2 ಸೆಕೆಂಡಿಗೆ ಇಳಿಸಿದೆ. ಬಿಟ್ಟೆ ಎಂದು ಬರೆದ ಮಾತ್ರಕ್ಕೆ ಬಿಟ್ಟಂತಾಗುವುದಿಲ್ಲ ಎಂಬುದನ್ನು ಊರಿನ ಅಪ್ಪ ಅಮ್ಮಂದಿರಿಗೆ ನಾನು ಹೇಳಬೇಕಾಗಿಲ್ಲ.

ನಿಜವಾದ ಜಟಾಪಟಿ ಎದ್ದದ್ದು ಎಸ್ಸೆಮ್ಮೆಸ್ಸಿನ ಮೇಲೆ. ಟೋಕನ್ ಬಟನ್ ಒತ್ತಿದರೆ ಪುಟ ಬರಲು ಏಳೆಂಟು ಸೆಕೆಂಡು ಹಿಡಿಯುತ್ತಿತ್ತು. ಸಂದೇಶ ಕಳುಹಿಸುವ ಕಂಪೆನಿಯ ಯಂತ್ರ ನಿಧಾನ, ನಮ್ಮ ತಾಯಿಬೇಡಿಕೆ ಅದರ ಉತ್ತರಕ್ಕೆ ಕಾಯುತ್ತಿತ್ತು. ಜನ ತಾಳ್ಮೆಗೆಟ್ಟು ಎರಡನೇ ಸಲ ಒತ್ತುತ್ತಿದ್ದರು. ಮ್ಯಾನೇಜರು ಒಳ್ಳೆಯ ಮನುಷ್ಯ, ಕಣ್ಣೂರು ಕಡೆಯವರು. ಅವರು ಮಲಯಾಳದಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: "ಅದಕ್ಕೂ ನೀವು ಆ ಕಾಯದೆ ಬಿಡುವ ಕ್ರಮವನ್ನೇ ಮಾಡಿ. ಎಲ್ಲಾ ಎಸ್ಸೆಮ್ಮೆಸ್ಸಿಗೂ ಮಾಡಿ. ಒಂದು ಪದ ಸೇರಿಸುವುದಲ್ವಾ?"

ಒಂದು ಪದ ಸೇರಿಸುವುದು ಹೌದು. ಟೋಕನ್ ಸಂದೇಶಕ್ಕೆ ಸೇರಿಸಿಯೂ ಬಿಟ್ಟೆ. ನಂಬರು ಪರದೆಯ ಮೇಲೆ ಕಾಣುತ್ತದೆ, ಸಂದೇಶ ಬಾರದಿದ್ದರೂ ಮುಳುಗಿಹೋಗುವಂಥದ್ದಿಲ್ಲ. ಆದರೆ ಅದೇ ಚಿಕಿತ್ಸಾಲಯ ಇನ್ನೊಂದು ಬಗೆಯ ಸಂದೇಶವನ್ನೂ ಕಳುಹಿಸುತ್ತದೆ: ಇವತ್ತು ಡಾಕ್ಟರು ಬರುವುದಿಲ್ಲ ಎಂಬುದು. ಅದು ಪರದೆಯ ಮುಂದೆ ಕೂತವರಿಗಲ್ಲ, ಬಸ್ಸಿಗೆ ಹೊರಟು ನಿಂತವರಿಗೆ ಹೋಗಬೇಕಾದದ್ದು. ಅದನ್ನು ದನಕ್ಕೆ ಎಲೆ ಹಾಕುವ ಹುಡುಗನ ಸಾಲಿಗೆ ಸೇರಿಸಲು ನಾನು ಒಪ್ಪಲಿಲ್ಲ. ಮ್ಯಾನೇಜರಿಗೆ ನನ್ನದು ಹಟ ಎಂದು ಕಂಡಿತು. ಅವರ ಮಾತಿನಲ್ಲೂ ಹುರುಳಿತ್ತು. "ಕಾದರೂ ನಿಮಗೆ ಸಿಗುವುದು ಕಂಪೆನಿಯವರ 'ತೆಗೆದುಕೊಂಡೆವು' ಎಂಬ ಉತ್ತರ. ರೋಗಿಗೆ ತಲುಪಿತು ಎಂದು ಅವರೂ ಆಗಲೇ ಹೇಳುವುದಿಲ್ಲ. ಮತ್ತೆ ಕಾದು ಎಂತ ಪ್ರಯೋಜನ?" ಎಂದರು. ಆ ಪ್ರಶ್ನೆಗೆ ಆ ದಿನ ನನ್ನಲ್ಲಿ ಇದ್ದದ್ದು ಅರ್ಧ ಉತ್ತರ ಮಾತ್ರ.

ರಾತ್ರಿ ಊಟ ಮಾಡುವಾಗ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಸರ್ವರು ಗೊತ್ತಿಲ್ಲ, ಆದರೆ ಸುದ್ದಿ ಕಳುಹಿಸುವುದು ಗೊತ್ತುಂಟು. ಫೋನು ಬರುವ ಮೊದಲು ಕುಂಬಳೆಯ ಅಂಗಡಿಗೆ ಏನಾದರೂ ತಿಳಿಸಬೇಕಾದರೆ ಬಸ್ಸಿನ ಕಂಡಕ್ಟರರ ಕೈಯಲ್ಲಿ ಚೀಟಿ ಕೊಡುತ್ತಿದ್ದರಂತೆ. ಮಾರನೆಯ ದಿನ ಅದೇ ಬಸ್ಸು ಮನೆಯ ಮುಂದೆ ಹೋಗುವಾಗ ಕಂಡಕ್ಟರು ಮೆಟ್ಟಲಿನಲ್ಲಿ ನಿಂತು ಕೈ ಎತ್ತಿದರೆ ಚೀಟಿ ಮುಟ್ಟಿದೆ ಎಂದು ಅರ್ಥ. "ಕೈ ಎತ್ತದಿದ್ದರೆ?" ಎಂದು ಕೇಳಿದೆ.

"ನಾನು ಬರೆದಿಟ್ಟುಕೊಂಡಿರ್ತೇನಲ್ಲ ಮಗ. ಇನ್ನೊಂದು ಚೀಟಿ ಕೊಡುದು. ಬಸ್ಸನ್ನು ನಿಲ್ಲಿಸಿ ಕಾಯ್ಲಿಕ್ಕೆ ಆಗ್ತದಾ?"

ಇಷ್ಟು ಹೇಳಿ ಅವರು ಮಜ್ಜಿಗೆ ಹಾಕಿಸಿಕೊಂಡರು. ನನಗೆ ಬೇಕಾಗಿದ್ದ ಇನ್ನರ್ಧ ಉತ್ತರ ಅದರಲ್ಲಿತ್ತು. ಆದರೆ ಅದನ್ನು ಮ್ಯಾನೇಜರಿಗೆ ಹೇಳುವುದರೊಳಗೆ ಅವರು ತಂತ್ರಾಂಶ ಮಾರಿದವರನ್ನೇ ಹಿಡಿದು ಎಲ್ಲಾ ಸಂದೇಶಗಳನ್ನೂ ಕಾಯದೆ ಬಿಡುವ ಕ್ರಮಕ್ಕೆ ಹಾಕಿಸಿಯಾಗಿತ್ತು. ಪುಟ ಬೇಗ ಬರುತ್ತಿತ್ತು, ಎಲ್ಲರಿಗೂ ಖುಷಿ.

ಜುಲಾಯಿಯ ಒಂದು ಗುರುವಾರ ಹೊಡೆದ ಮಳೆ ನಿಮಗೂ ನೆನಪಿರಬಹುದು. ಹೆದ್ದಾರಿಯಲ್ಲಿ ಮರ ಬಿದ್ದು ಡಾಕ್ಟರು ಅರ್ಧ ದಾರಿಯಿಂದ ಹಿಂದೆ ಹೋದರು. ಏಳು ಗಂಟೆಗೆ ಮ್ಯಾನೇಜರು ರದ್ದು ಮಾಡುವ ಬಟನ್ ಒತ್ತಿದರು. "38 ಮಂದಿಗೆ ಸಂದೇಶ ಕಳುಹಿಸಲಾಗಿದೆ" ಎಂದು ಪರದೆಯಲ್ಲಿ ಹಸಿರು ಬಣ್ಣದಲ್ಲಿ ಬಂತು. ನಿರಾಳವಾಗಿ ಚಾ ಕುಡಿಯಲು ಹೋದರು. ಒಂಬತ್ತು ಗಂಟೆಯಾಗುವಾಗ ಚಿಕಿತ್ಸಾಲಯದ ಜಗಲಿ ತುಂಬಿ ಹೋಗಿತ್ತು. ಒಬ್ಬರಿಗೂ ಸಂದೇಶ ಹೋಗಿರಲಿಲ್ಲ.

ನನಗೆ ಫೋನು ಬಂದು ನಾನು ಅಲ್ಲಿಗೆ ಹೋದಾಗ ಕೊಡೆಗಳಿಂದ ಇಳಿದ ನೀರು ಮೆಟ್ಟಲಿನವರೆಗೆ ಹರಿಯುತ್ತಿತ್ತು. ಆದೂರು ಕಡೆಯ ಒಬ್ಬರು ಹಿರಿಯರು ಹೆಂಡತಿಯನ್ನು ಬೆಂಚಿನಲ್ಲಿ ಮಲಗಿಸಿ ಪಕ್ಕದಲ್ಲಿ ನಿಂತಿದ್ದರು. ಆಕೆಗೆ ಪಾರ್ಶ್ವವಾಯು ಆಗಿ ಆರು ತಿಂಗಳು. ಜೀಪು ಮಾಡಿಸಿಕೊಂಡು ಬಂದಿದ್ದರು. "ಫೋನಿಗೆ ಎಂತದ್ದೂ ಬರ್ಲಿಲ್ವಾ?" ಎಂದು ಕೇಳಿದೆ.

"ಎಂತದ್ದೂ ಬರ್ಲಿಲ್ಲ. ಬಂದಿದ್ರೂ ಇಂಗ್ಲಿಷಿನಲ್ಲಿ ಬರುದು. ಮೊಮ್ಮಗಳು ಶಾಲೆಗೆ ಹೋಗುವ ಮೊದಲು ಬಂದ್ರೆ ಓದಿ ಹೇಳ್ತಾಳೆ. ಆಮೇಲೆ ಬಂದ್ರೆ ಸಂಜೆಗೇ ಗೊತ್ತಾಗುದು," ಎಂದರು. ಸಿಟ್ಟು ಮಾಡಲಿಲ್ಲ. ಜೀಪಿನವ ಹಿಂದೆ ಹೋಗಲು ಎಷ್ಟು ಹೊತ್ತು ಕಾಯುತ್ತಾನೋ ಎಂಬ ಚಿಂತೆಯಲ್ಲಿ ಆಗಾಗ ರಸ್ತೆಯ ಕಡೆ ನೋಡುತ್ತಿದ್ದರು.

ಮನೆಗೆ ಬಂದು ಸರ್ವರಿನ ದಾಖಲೆ ತೆಗೆದೆ. ಬಂದು ಹೋದವರ ಪುಸ್ತಕದಲ್ಲಿ ಮ್ಯಾನೇಜರು ಬಟನ್ ಒತ್ತಿದ ಒಂದೇ ಒಂದು ಸಾಲು ಇತ್ತು, ಕೊನೆಯಲ್ಲಿ 200, ಎಂದರೆ ಎಲ್ಲವೂ ಸುಸೂತ್ರ. 38 ಮರಿಗಳ ಹೆಸರೇ ಇಲ್ಲ. ಎಂಜಿನ್ ಎಕ್ಸ್ ಮರಿಬೇಡಿಕೆಗಳನ್ನು ಆ ಪುಸ್ತಕದಲ್ಲಿ ಬರೆಯುವುದಿಲ್ಲ. ಲಾಗ್ ಸಬ್‌ರಿಕ್ವೆಸ್ಟ್ ಎಂಬುದನ್ನು ನಾವಾಗಿ 'ಆನ್' ಮಾಡಿದರೆ ಮಾತ್ರ ಬರೆಯುತ್ತದೆ. ತಪ್ಪುಗಳ ಪುಸ್ತಕ ಬೇರೆ ಇದೆ. ಅದರಲ್ಲಿ ಒಂದರ ಕೆಳಗೆ ಒಂದು 38 ಸಾಲು ಸಿಕ್ಕಿತು, ಎಲ್ಲದರಲ್ಲೂ 110 ಎಂಬ ನಂಬರು, ಸಂಪರ್ಕ ಸಿಗದೆ ಸಮಯ ಮೀರಿತು ಎಂದು. ಸಂದೇಶ ಕಳುಹಿಸುವ ಕಂಪೆನಿಯ ಯಂತ್ರ ಆ ಹೊತ್ತಿಗೆ ಸತ್ತು ಬಿದ್ದಿತ್ತು. 38 ಹುಡುಗರು ಮುಚ್ಚಿದ ಬಾಗಿಲಿನ ಮುಂದೆ ಒಂದೊಂದು ನಿಮಿಷ ನಿಂತು ಅಲ್ಲಿಯೇ ಇಲ್ಲವಾದರು. ಹೋದ ಪುಟ್ಟ ಬಂದ ಪುಟ್ಟ ಎಂದು ನಾವು ಕೆಲಸ ಮಾಡದೆ ಬಂದವನನ್ನು ತಮಾಷೆ ಮಾಡುತ್ತೇವೆ. ಅವನಾದರೂ ಬಂದನಲ್ಲ, ಬರಿಗೈ ನೋಡಿ ನಮಗೆ ತಿಳಿಯುತ್ತದೆ. ಈ ಪುಟ್ಟಂದಿರು ಬರುವುದೇ ಇಲ್ಲ.

ಕಾದಿದ್ದರೆ ಆಗುತ್ತಿತ್ತಾ? ಆ ಬೆಳಗ್ಗೆ ಮಟ್ಟಿಗೆ ಮ್ಯಾನೇಜರಿಗೆ ಗೊತ್ತಾದರೂ ಆಗುತ್ತಿತ್ತು. ಆದರೆ ಅವರು ಮೊದಲು ಹೇಳಿದ್ದೂ ಸುಳ್ಳಲ್ಲ, ಕಂಪೆನಿ 'ತೆಗೆದುಕೊಂಡೆ' ಎಂದು ಹೇಳಿ ಆಮೇಲೆ ಬಿದ್ದಿದ್ದರೆ ಕಾದರೂ ಅಷ್ಟೆ. ಇನ್ನೊಂದು, ಬಿಟ್ಟ ಮರಿ ಇರುವುದು ಯಂತ್ರದ ನೆನಪಿನಲ್ಲಿ ಮಾತ್ರ. ಚಿಕಿತ್ಸಾಲಯದ ಯಂತ್ರ ಇರುವುದು ಮೆಟ್ಟಲಿನ ಕೆಳಗಿನ ಕೋಣೆಯಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗೆ ಎಂದು ಎಲ್ಲರಿಗೂ ಗೊತ್ತುಂಟು. ಬ್ಯಾಟರಿಯೂ ಸೋತು ಯಂತ್ರ ನಿಂತಿತೆಂದರೆ ದಾರಿಯಲ್ಲಿದ್ದ ಮರಿಗಳ ಗುರುತೂ ಉಳಿಯುವುದಿಲ್ಲ. ಆದ್ದರಿಂದ ಬೇಕಾಗಿದ್ದದ್ದು ಕಾಯುವುದೂ ಅಲ್ಲ, ಬಿಡುವುದೂ ಅಲ್ಲ. ಅಪ್ಪ ಹೇಳಿದ ಹಾಗೆ ಮೊದಲು ಬರೆದಿಟ್ಟುಕೊಳ್ಳುವುದು.

ಎರಡು ವಾರ ಕೂತು ಮಾಡಿದೆ. ಈಗ ರದ್ದು ಬಟನ್ ಒತ್ತಿದರೆ ಒಬ್ಬೊಬ್ಬರ ಹೆಸರೂ ಡಿಸ್ಕಿನಲ್ಲಿರುವ ಒಂದು ಪಟ್ಟಿಗೆ ಸೇರುತ್ತದೆ. ಸೇರಿತು ಎಂದು ಖಾತ್ರಿಯಾಗುವವರೆಗೆ ತಾಯಿಬೇಡಿಕೆ ಕಾಯುತ್ತದೆ, ಅದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆಮೇಲೆ ಅದು ತನ್ನ ದಾರಿ ಹಿಡಿಯುತ್ತದೆ. ಬೇರೆ ಒಂದು ಸಣ್ಣ ಪ್ರೋಗ್ರಾಮು ನಿಮಿಷಕ್ಕೊಮ್ಮೆ ಪಟ್ಟಿ ನೋಡಿ ಸಂದೇಶ ಕಳುಹಿಸುತ್ತದೆ, ಆಗದಿದ್ದರೆ ಪುನಃ ಕಳುಹಿಸುತ್ತದೆ, ತಲುಪಿತು ಎಂಬ ವರದಿ ಬಂದ ಮೇಲೆಯೇ ಹೆಸರಿಗೆ ಗೀಟು ಹಾಕುತ್ತದೆ. ಯಂತ್ರ ನಿಂತು ಪುನಃ ಎದ್ದರೂ ಪಟ್ಟಿ ಹಾಗೆಯೇ ಇರುತ್ತದೆ. ಪರದೆಯಲ್ಲಿ "ಕಳುಹಿಸಲಾಗಿದೆ" ಎಂಬ ಹಸಿರು ಸಾಲನ್ನು ತೆಗೆದು "ಬರೆದುಕೊಂಡಿದೆ: 38, ತಲುಪಿದ್ದು: 0" ಎಂದು ಹಾಕಿದೆ. ಆ ಸೊನ್ನೆ ನೋಡಲು ಚಂದವಿಲ್ಲ ಎಂದು ಮ್ಯಾನೇಜರು ಸ್ವಲ್ಪ ಗೊಣಗಿದರು. ಒಂದೊಂದಾಗಿ ಏರುವುದನ್ನು ನೋಡಲು ಈಗ ಅವರೇ ಕುರ್ಚಿ ಬಿಟ್ಟು ಏಳುವುದಿಲ್ಲ. ಟೋಕನ್ ನಂಬರಿನ ಸಂದೇಶ ಮಾತ್ರ ಈಗಲೂ ಬಿಟ್ಟ ಮರಿಯೇ. ಅದು ಹಾಗೆಯೇ ಇರಲಿ. ಲಾಗ್ ಸಬ್‌ರಿಕ್ವೆಸ್ಟನ್ನು ಮಾತ್ರ ಆನ್ ಮಾಡಿಟ್ಟಿದ್ದೇನೆ.

ಭಾಷೆಯ ವಿಷಯ ಇದೇ ನೆಪದಲ್ಲಿ ಎತ್ತಿದೆ. ಇಂಗ್ಲಿಷ್ ಅಕ್ಷರವಾದರೆ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಹಿಡಿಯುತ್ತದೆ. ಕನ್ನಡವಾಗಲಿ ಮಲಯಾಳವಾಗಲಿ 70ಕ್ಕೇ ಮುಗಿಯುತ್ತದೆ, ಅದರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಲೆಕ್ಕ. ಸಂದೇಶ ಉದ್ದವಾದರೆ ಎರಡರ ದುಡ್ಡು. ಮ್ಯಾನೇಜರಿಗೆ ಖರ್ಚಿನ ಚಿಂತೆ. ರದ್ದಿನ ಸಂದೇಶವನ್ನು ಎಪ್ಪತ್ತರೊಳಗೆ ಕೂರಿಸಲು ನಾನೂ ನಮ್ಮ ಶಾಲೆಯ ಟೀಚರೂ ಒಂದು ಸಂಜೆ ಕೂತು ಲೆಕ್ಕ ಹಾಕಿದೆವು. "ದಯವಿಟ್ಟು" ಹೋಯಿತು, "ವಿಷಾದಿಸುತ್ತೇವೆ" ಹೋಯಿತು. "ಇಂದು ಡಾಕ್ಟರು ಬರುವುದಿಲ್ಲ. ಹೊರಡಬೇಡಿ" ಎಂಬುದು ಉಳಿಯಿತು. ಚಿಕಿತ್ಸಾಲಯದ ಹೆಸರು ಸೇರಿಸಲೂ ಜಾಗ ಸಾಕಾಯಿತು. ಟೋಕನ್ ತೆಗೆದುಕೊಳ್ಳುವಾಗಲೇ ಕನ್ನಡ, ಮಲಯಾಳ, ಇಂಗ್ಲಿಷ್ ಎಂದು ಮೂರು ಗುಂಡಿ ಇವೆ ಈಗ.

ಅರ್ಧ ಗಂಟೆಯಾದರೂ ಗೀಟು ಬೀಳದ ಹೆಸರುಗಳ ಪಟ್ಟಿ ರಿಸೆಪ್ಶನಿನ ಚೇಚಿಯ ಮೇಜಿಗೆ ಹೋಗುತ್ತದೆ. ಅವರು ಒಬ್ಬೊಬ್ಬರಿಗೆ ಫೋನು ಮಾಡುತ್ತಾರೆ. ಕನ್ನಡದವರಿಗೆ ಹೇಳಬೇಕಾದ ಎರಡು ವಾಕ್ಯವನ್ನು ಮಲಯಾಳದ ಅಕ್ಷರದಲ್ಲಿ ಬರೆದು ಗಾಜಿನ ಅಡಿಯಲ್ಲಿಟ್ಟುಕೊಂಡಿದ್ದಾರೆ. ಕಳೆದ ಸಲ ಪಟ್ಟಿಯಲ್ಲಿ ಐದು ಹೆಸರು ಉಳಿದಿತ್ತು. ನಾಲ್ಕು ಮಂದಿ ಫೋನು ಎತ್ತಿದರು. ಐದನೆಯವರದ್ದು ಸ್ವಿಚ್ ಆಫ್. ಮುಳ್ಳೇರಿಯದವರು ಎಂದು ಮಾತ್ರ ಗೊತ್ತಿತ್ತು. ಚೇಚಿ ಹಳೆಯ ಚೀಟಿಗಳನ್ನು ಹುಡುಕಿ ಅವರ ಪಕ್ಕದ ಅಂಗಡಿಯ ನಂಬರು ತೆಗೆದು ಸುದ್ದಿ ಮುಟ್ಟಿಸಿದರು. ಟೋಕನ್ ಪುಟದಲ್ಲಿ 'ಪಕ್ಕದ ಮನೆ ಅಥವಾ ಅಂಗಡಿಯ ನಂಬರು' ಎಂದು ಇನ್ನೊಂದು ಖಾನೆ ಹಾಕಿಕೊಡಿ ಎಂದು ಅವರು ಹೇಳಿ ವಾರವಾಯಿತು. ಈ ಬರಹವನ್ನು ವಾಚನಾಲಯಕ್ಕೆ ಕೊಟ್ಟು ಬಂದ ಮೇಲೆ ಅದನ್ನೇ ಮಾಡಬೇಕು.